ಕಮಲಾಪುರದ ಮನೆಗೆ ಮರಳಿ ಬರುತ್ತಿದ್ದ ವೈರಸ್

ಕೊರೋನಾ ಕಳೆದು ಕಾಲೇಜುಗಳು ಮತ್ತೆ ಸರಿಯಾಗಿ ನಡೆಯತೊಡಗಿದ್ದ ವರ್ಷ ಅದು. ಕಲಬುರಗಿಯ ಖೂಬಾ ಪ್ಲಾಟ್‌ನಲ್ಲಿ ನನ್ನ ಕಂಪ್ಯೂಟರ್ ಸರ್ವಿಸ್ ಅಂಗಡಿ ಆ ಹೊತ್ತಿಗೆ ನೆಲೆ ಕಂಡುಕೊಂಡಿತ್ತು. ಅದಕ್ಕೂ ಮೊದಲು ನಂದೂರಿನ ಒಂದು ದಾಲ್‌ಮಿಲ್ಲಿನ ಆಫೀಸಿನಲ್ಲಿ ಕಂಪ್ಯೂಟರ್‌ಗಳನ್ನು ನೋಡಿಕೊಳ್ಳುತ್ತಿದ್ದೆ. ತೊಗರಿಯ ಧೂಳು ಕುಡಿದು ಕೆಟ್ಟುನಿಂತ ಯಂತ್ರಗಳನ್ನು ಬಿಚ್ಚಿ ಬಿಚ್ಚಿ ನನ್ನ ಕೈ ಪಳಗಿತ್ತು. ಹೆಣ್ಣುಮಗಳು ಸ್ಕ್ರೂಡ್ರೈವರ್ ಹಿಡಿದಿದ್ದನ್ನು ಕಂಡು ಬಾಗಿಲಲ್ಲೇ ಅನುಮಾನಿಸುವವರು ಇದ್ದರು. ಒಮ್ಮೆ ಕೆಲಸ ನೋಡಿದ ಮೇಲೆ ಅವರೇ ನೆಂಟರಿಷ್ಟರ ಕಂಪ್ಯೂಟರ್‌ಗಳನ್ನೂ ಹೊತ್ತು ತರುತ್ತಿದ್ದರು.

ಅಂಥ ಒಂದು ಬೇಸಿಗೆಯ ಬೆಳಿಗ್ಗೆ ಗಂಡ ಹೆಂಡತಿ ಇಬ್ಬರು ಅಂಗಡಿಗೆ ಬಂದರು. ಹೆಂಡತಿಯ ಕಂಕುಳಲ್ಲಿ ಹಳೆಯ ಚಾದರದಲ್ಲಿ ಸುತ್ತಿದ ಸಿಪಿಯು. ಗಂಡನ ಒಂದು ಕೈ ಆಕೆಯ ಭುಜದ ಮೇಲೆ, ಇನ್ನೊಂದರಲ್ಲಿ ಬಿಳಿ ಕೋಲು. ಆತನ ಹೆಸರು ಮಲ್ಲಿನಾಥ, ಹುಟ್ಟಿನಿಂದ ಕಣ್ಣು ಕಾಣದು. ಹೆಂಡತಿ ಸುವರ್ಣಾ. ಕಮಲಾಪುರದಿಂದ ಬಸ್ಸಿನಲ್ಲಿ ಆ ಗಂಟನ್ನು ತೊಡೆಯ ಮೇಲಿಟ್ಟುಕೊಂಡೇ ಬಂದಿದ್ದರು.

ಮಲ್ಲಿನಾಥ ಬಿ.ಎಡ್. ಕೊನೆಯ ವರ್ಷದಲ್ಲಿದ್ದ. ಅವನು ಓದಬೇಕಾದ ಪುಸ್ತಕಗಳು ಬ್ರೈಲ್ ಲಿಪಿಯಲ್ಲಿ ಸಿಗುತ್ತಿರಲಿಲ್ಲ. ಹತ್ತನೆಯ ಇಯತ್ತೆವರೆಗೆ ಓದಿದ್ದ ಸುವರ್ಣಾ ಅಡುಗೆ ಮುಗಿಸಿ ಕುಳಿತು ಆ ಪುಸ್ತಕಗಳನ್ನು ಒಂದೊಂದಾಗಿ ಗಟ್ಟಿಯಾಗಿ ಓದಿ ರೆಕಾರ್ಡ್ ಮಾಡಿದ್ದಳು. ಎರಡು ವರ್ಷದ ಆ ಪಾಠಗಳು ಈ ಸಿಪಿಯುವಿನೊಳಗಿದ್ದವು. ಅವನ ಜೊತೆಗೆ ಓದುತ್ತಿದ್ದ ಕಣ್ಣು ಕಾಣದ ಇನ್ನೂ ಕೆಲವರು ಇದೇ ಪಾಠಗಳನ್ನು ಪೆನ್‌ಡ್ರೈವ್‌ನಲ್ಲಿ ಒಯ್ದು ಕೇಳುತ್ತಿದ್ದರು. ಪರೀಕ್ಷೆ ಹತ್ತಿರ ಬಂದಿತ್ತು.

"ಎಲ್ಲಾ ಪಾಠ ಗಾಯಬ್ ಆಗ್ಯಾವ್ರಿ ಮೇಡಂ," ಎಂದಳು ಸುವರ್ಣಾ. "ಒಂದು ದುಕಾನದಾಗ ತೋರಿಸಿದ್ವಿ. ವೈರಸ್ ಭಾಳ ಜಿಗುಟ ಅದ, ಫಾರ್ಮ್ಯಾಟ್ ಹೊಡೀಬೇಕು ಅಂದ್ರು. ಫಾರ್ಮ್ಯಾಟ್ ಅಂದ್ರ ಎಲ್ಲಾ ಹೋಗ್ತದಂತಲ್ರಿ?"

"ಹೋಗ್ತದ. ಅದಕ್ಕ ನಾ ಹೊಡೆಯೂದಿಲ್ಲ. ಕೂಡ್ರಿ," ಎಂದೆ.

ಅದು ಜಂಬವಲ್ಲ. ಫಾರ್ಮ್ಯಾಟ್ ಎಂದರೆ ಮನೆಯಲ್ಲಿ ಇಲಿ ಹೊಕ್ಕಿದೆಯೆಂದು ಮನೆಯನ್ನೇ ಕೆಡವಿ ಹೊಸದಾಗಿ ಕಟ್ಟಿದ ಹಾಗೆ. ರಿಪೇರಿಯವನಿಗೆ ಸುಲಭ, ಮನೆಯವರಿಗೆ ಅಲ್ಲ. ಹಾರ್ಡ್‌ಡಿಸ್ಕ್ ತೆರೆದು ನೋಡಿದೊಡನೆ ರೋಗದ ಗುರುತು ಹತ್ತಿತು. ನಾವು ಶಾರ್ಟ್‌ಕಟ್ ವೈರಸ್ ಎಂದು ಕರೆಯುವ ಜಾತಿ ಅದು. ಅಸಲಿ ಫೈಲುಗಳನ್ನು ಅಳಿಸುವುದಿಲ್ಲ, ಕಾಣದಂತೆ ಮುಚ್ಚಿಡುತ್ತದೆ. ಅವುಗಳ ಜಾಗದಲ್ಲಿ ಅದೇ ಹೆಸರಿನ ನಕಲಿ ಕೊಂಡಿಗಳನ್ನು, ಅಂದರೆ ಶಾರ್ಟ್‌ಕಟ್‌ಗಳನ್ನು, ಇಡುತ್ತದೆ. ಮುಚ್ಚಿಟ್ಟಿದ್ದನ್ನು ತೆರೆಯುವ ಆದೇಶ ಕೊಟ್ಟೆ. ಪಾಠಗಳ ಫೋಲ್ಡರ್‌ಗಳು ಸಾಲಾಗಿ ಎದ್ದುಬಂದವು. ಮೊದಲು ಅವಕ್ಕೆಲ್ಲ ನನ್ನ ಡಿಸ್ಕ್‌ನಲ್ಲಿ ಒಂದು ಪ್ರತಿ ಮಾಡಿಟ್ಟುಕೊಂಡೆ. ಆಮೇಲೆ ವೈರಸ್ಸಿನ ಫೈಲುಗಳನ್ನು ಅಳಿಸಿ, ಆಂಟಿವೈರಸ್ ಓಡಿಸಿ, ಎರಡು ಮೂರು ಸಲ ರೀಸ್ಟಾರ್ಟ್ ಮಾಡಿ ನೋಡಿದೆ. ಸ್ವಚ್ಛವಾಗಿತ್ತು. ಒಂದು ಪಾಠ ಹಚ್ಚಿದಾಗ ಸುವರ್ಣಾಳ ದನಿ ಸ್ಪೀಕರ್‌ನಿಂದ ಬಂತು. ಮಲ್ಲಿನಾಥ ಉಸಿರು ಬಿಟ್ಟು ಗೋಡೆಗೆ ಒರಗಿದ. ಇಬ್ಬರೂ ಖುಷಿಯಿಂದ ಊರಿಗೆ ಹೋದರು.

ಮರುದಿನವೇ ಮಲ್ಲಿನಾಥನ ಫೋನು. "ಮೇಡಂ, ಮತ್ತ ಬಂದದ್ರಿ. ಈ ಸಲ ಸ್ಕ್ರೀನ್ ರೀಡರ್‌ನೂ ನಡುನಡುವೆ ಬಾಯಿ ಮುಚ್ಚಲಾಕತ್ತದ."

ಸ್ಕ್ರೀನ್ ರೀಡರ್ ಎಂದರೆ ಪರದೆಯ ಮೇಲಿರುವುದನ್ನೆಲ್ಲ ಓದಿ ಹೇಳುವ ತಂತ್ರಾಂಶ. ಅದು ಸುಮ್ಮನಾದರೆ ಮಲ್ಲಿನಾಥನ ಪಾಲಿಗೆ ಕಂಪ್ಯೂಟರ್ ಬರೀ ತಗಡಿನ ಡಬ್ಬಿ. ನನಗೆ ಅಚ್ಚರಿಯಾಯಿತು, ಸ್ವಲ್ಪ ಸಿಟ್ಟೂ ಬಂತು. ನನ್ನ ಮೇಜಿನ ಮೇಲೆ ಸತ್ತಿದ್ದ ವೈರಸ್ ಅವರ ಮನೆಯಲ್ಲಿ ಹೇಗೆ ಜೀವ ಪಡೆಯಿತು? "ಮತ್ತ ಹೊತ್ತು ತರಬ್ಯಾಡ್ರಿ, ನಾನೇ ಬರ್ತೀನಿ," ಎಂದೆ.

ಭಾನುವಾರ ಅಂಗಡಿಗೆ ರಜೆ. ಚೀಲಕ್ಕೆ ಸಾಮಾನು ತುಂಬಿಕೊಂಡು ಸ್ಕೂಟರಿನಲ್ಲಿ ಕಮಲಾಪುರಕ್ಕೆ ಹೋದೆ. ಚಿಕ್ಕ ಮನೆ. ಕಿಟಕಿಯ ಪಕ್ಕ ಮೇಜು, ಅದರ ಕೆಳಗೆ ಗೋಡೆಗೆ ಒತ್ತಿ ಇಟ್ಟ ಸಿಪಿಯು. ಸುವರ್ಣಾ ಚಹಾ ತಂದಿಟ್ಟಳು, ಜೊತೆಗೆ ತಾಟಿನಲ್ಲಿ ಕೆಂಪು ಬಾಳೆಹಣ್ಣು.

ಈ ಸಲ ನಾನು ದೊಡ್ಡ ಅಸ್ತ್ರವನ್ನೇ ತೆಗೆದೆ. ಇಂಟರ್ನೆಟ್ ಕಿತ್ತು ಹಾಕಿದೆ. ಕಂಪ್ಯೂಟರನ್ನು ಅದರ ಡಿಸ್ಕ್‌ನಿಂದ ಶುರು ಮಾಡದೆ ನನ್ನ ಪೆನ್‌ಡ್ರೈವ್‌ನಲ್ಲಿದ್ದ ಬೇರೆಯೇ ಆಪರೇಟಿಂಗ್ ಸಿಸ್ಟಮ್‌ನಿಂದ ಶುರು ಮಾಡಿದೆ. ಹಾಗೆ ಮಾಡಿದಾಗ ಒಳಗಿನ ವೈರಸ್ಸಿಗೆ ಎಚ್ಚರವಾಗುವುದೇ ಇಲ್ಲ, ಮಲಗಿದ್ದಲ್ಲೇ ಹಿಡಿಯಬಹುದು. ಡಿಸ್ಕನ್ನು ಮೂಲೆಮೂಲೆ ಜಾಲಾಡಿದೆ. ಅಳಿಸಿದ ಫೈಲನ್ನು ಮತ್ತೆ ಹುಟ್ಟಿಸಲು ಅದು ಟಾಸ್ಕ್ ಶೆಡ್ಯೂಲರ್‌ನಲ್ಲಿ, ಎಂದರೆ ಇಂಥ ಹೊತ್ತಿಗೆ ಇಂಥ ಕೆಲಸ ಮಾಡು ಎಂದು ಬರೆದಿಡುವ ಜಾಗದಲ್ಲಿ, ಒಂದು ಆದೇಶ ಬಚ್ಚಿಟ್ಟಿತ್ತು. ಅದನ್ನೂ ಕಿತ್ತೆ. ಮಾಮೂಲಿನಂತೆ ರೀಸ್ಟಾರ್ಟ್ ಮಾಡಿದೆ. ಎಲ್ಲ ಸ್ವಚ್ಛ.

ಸಾಮಾನು ಕಟ್ಟುವ ಮೊದಲು ಒಂದು ಮಾತು ಹೊಳೆಯಿತು. ಈವರೆಗೆ ಪರೀಕ್ಷೆ ಮಾಡಿದ್ದೆಲ್ಲ ನಾನೇ. ಎದ್ದು ಮಲ್ಲಿನಾಥನನ್ನು ಕುರ್ಚಿಯಲ್ಲಿ ಕೂರಿಸಿದೆ. "ದಿನಾ ಹ್ಯಾಂಗ ಮಾಡ್ತೀರಿ, ಹಂಗೇ ಮಾಡ್ರಿ."

ಅವನು ಮೌಸ್ ಮುಟ್ಟುವವನಲ್ಲ. ಬೆರಳುಗಳು ಕೀಲಿಮಣೆಯ ಮೇಲೆ ಓಡಿದವು. ಸ್ಕ್ರೀನ್ ರೀಡರ್ ನನಗೆ ಒಂದಕ್ಷರವೂ ತಿಳಿಯದಷ್ಟು ವೇಗದಲ್ಲಿ ಹೇಳುತ್ತ ಹೋಯಿತು. ಹೊಸ ಪಾಠವೊಂದರ ಫೋಲ್ಡರ್ ಮೇಲೆ ಎಂಟರ್ ಒತ್ತಿ, ತೆರೆದ ಫೋಲ್ಡರಿನೊಳಗೆ ಪಾಠ ಹಚ್ಚಿದ. ಸುವರ್ಣಾಳ ದನಿ ಶುರುವಾಯಿತು. ಅವನು ತಟಕ್ಕನೆ ಕೈ ಎತ್ತಿದ.

"ಬಂತ್ರಿ ಮೇಡಂ."

"ಏನ್ ಬಂತು? ಪರದೆ ಮ್ಯಾಲ ಏನೂ ಇಲ್ಲಲ್ರಿ."

"ಫೋಲ್ಡರ್ ತೆರಿಯೂಕಿಂತ ಮೊದ್ಲ ಅದು ಏನೋ ಒಂದು ಹೆಸರು ಹೇಳಿ ಅರ್ಧಕ್ಕ ನುಂಗ್ತು. ಈಚೀಚೆಗೆ ಹಿಂಗೇ ಮಾಡ್ತದ. ಸ್ಕ್ರೀನ್ ರೀಡರ್‌ದೇ ತೊದಲು ಅಂತ ತಿಳ್ಕೊಂಡಿದ್ದೆ. ತಡೀರಿ, ನಿಮಗ ಓದ್ಲಿಕ್ಕಿ ಬರೂ ಹಂಗ ಮಾಡ್ತೀನಿ."

ಅವನು ಇನ್ನೆರಡು ಕೀಲಿ ಒತ್ತಿದ. ಸ್ಕ್ರೀನ್ ರೀಡರ್ ಆಡುವ ಮಾತನ್ನೆಲ್ಲ ಅಕ್ಷರದಲ್ಲಿ ತೋರಿಸುವ ಕಿಟಕಿಯೊಂದು ತೆರೆಯಿತು. ಅಂಥದ್ದೊಂದು ಸೌಲಭ್ಯವಿದೆಯೆಂದು ನನಗೆ ಗೊತ್ತಾಗಿದ್ದು ಆಗಲೇ. ಅವನು ಮತ್ತೆ ಅದೇ ಫೋಲ್ಡರ್ ತೆರೆದ. ಕಣ್ಣು ರೆಪ್ಪೆ ಬಡಿಯುವಷ್ಟರಲ್ಲಿ ತೆರೆದು ಮುಚ್ಚಿಹೋದ ಒಂದು ಕಪ್ಪು ಕಿಟಕಿಯ ಹೆಸರು ಅಲ್ಲಿ ಅಚ್ಚಾಗಿ ನಿಂತಿತ್ತು. ನನ್ನ ಕಣ್ಣಿಗೆ ಸಿಗದ ಕಳ್ಳ ಅವನ ಕಿವಿಗೆ ಸಿಕ್ಕಿದ್ದ. ಆ ಹೆಸರು ಎಫ್ ಎಂಬ ಅಕ್ಷರದಿಂದ ಶುರುವಾಗಿತ್ತು. ಕಂಪ್ಯೂಟರಿನ ಡಿಸ್ಕ್‌ಗಿದ್ದದ್ದು ಸಿ ಮತ್ತು ಡಿ ಎಂಬ ಎರಡೇ ಭಾಗ. ಎಫ್ ಎಂದರೆ ಹೊರಗಿನಿಂದ ಸಿಕ್ಕಿಸಿದ ಯಾವುದೋ ಸಾಧನ ಇರಬೇಕು.

"ಎಫ್ ಅಂದ್ರ ಯಾವುದ್ರಿ ಇದು?"

ಮಲ್ಲಿನಾಥ ಹೆಂಡತಿ ಇದ್ದ ಕಡೆ ಮುಖ ತಿರುಗಿಸಿದ. ಸುವರ್ಣಾ ಮೇಜಿನ ಕೆಳಗೆ ಬಗ್ಗಿ ಸಿಪಿಯುವನ್ನು ಗೋಡೆಯಿಂದ ಈಚೆಗೆ ಎಳೆದಳು. ಹಿಂಬದಿಯ ಕಿಂಡಿಯಲ್ಲಿ ಬೆರಳುದ್ದದ ವಾಯ್ಸ್ ರೆಕಾರ್ಡರ್ ಸಿಕ್ಕಿಸಿತ್ತು.

"ಇದು ನನ್ನ ರಿಕಾರ್ಡರ್ ರೀ. ಚಾರ್ಜ್ ಆಗ್ಲಿ ಅಂತ ಹಿಂದ ಹಚ್ಚೇ ಇಟ್ಟಿರ್ತೀನಿ. ನಿಮ್ಮ ದುಕಾನಕ್ಕ ಬರೂವಾಗ ತೆಗೆದು ಮನ್ಯಾಗಿಟ್ಟಿದ್ದೆ."

ಗಂಟು ಬಿಚ್ಚಿಕೊಂಡಿತು. ನಾನು ಸ್ವಚ್ಛ ಮಾಡಿದ್ದು ಕಂಪ್ಯೂಟರನ್ನು. ವೈರಸ್ಸಿನ ಬಿಡಾರ ಇದ್ದದ್ದು ಈ ರೆಕಾರ್ಡರ್‌ನಲ್ಲಿ. ಅದರೊಳಗಿನ ಫೋಲ್ಡರ್‌ಗಳೆಲ್ಲ ನಕಲಿ ಕೊಂಡಿಗಳಾಗಿದ್ದವು. ಹೊಸ ಪಾಠಗಳನ್ನು ಮಲ್ಲಿನಾಥ ನೇರವಾಗಿ ಅದರಿಂದಲೇ ಕೇಳುತ್ತಿದ್ದ. ಅವನು ಎಂಟರ್ ಒತ್ತಿದರೆ ಆ ಕೊಂಡಿ ಮೊದಲು ವೈರಸ್ಸನ್ನು ಒಳಗೆ ಕರೆಯುತ್ತಿತ್ತು, ಆಮೇಲೆ ಏನೂ ಆಗದಂತೆ ಅಸಲಿ ಫೋಲ್ಡರನ್ನೂ ತೆರೆಯುತ್ತಿತ್ತು. ಪಾಠ ಕೇಳಿಸುತ್ತಿದ್ದುದರಿಂದ ಯಾರಿಗೂ ಸಂಶಯ ಬರಲಿಲ್ಲ.

ರೆಕಾರ್ಡರ್ ಕೀಳಲು ಕೈ ಚಾಚಿದಾಗ ಸುವರ್ಣಾ ಗಾಬರಿಯಾದಳು. "ಅದ್ರಾಗಿಂದು ಅಳಿಸಬ್ಯಾಡ್ರಿ! ಕೊನೀ ಪೇಪರಿನ ಪಾಠ ಪೂರಾ ಅದ್ರಾಗ ಅವ. ಕಂಪ್ಯೂಟರ್‌ಗ ಇನ್ನೂ ಹಾಕಿಲ್ಲ."

ಅವುಗಳ ಪ್ರತಿ ನನ್ನ ಬಳಿಯೂ ಇರಲಿಲ್ಲ. ಮತ್ತೆ ನನ್ನ ಪೆನ್‌ಡ್ರೈವ್‌ನಿಂದಲೇ ಕಂಪ್ಯೂಟರ್ ಶುರು ಮಾಡಿದೆ. ಈ ವೈರಸ್ಸಿಗೆ ಆ ಸಿಸ್ಟಮ್‌ನ ಭಾಷೆ ಬಾರದು, ಅಲ್ಲಿ ಅದು ಓಡಲಾರದು. ರೆಕಾರ್ಡರ್‌ನಿಂದ ಧ್ವನಿಯ ಫೈಲುಗಳನ್ನು ಮಾತ್ರ ಆರಿಸಿ ಈಚೆಗೆ ತೆಗೆದು ಒಂದೊಂದನ್ನೂ ಹಚ್ಚಿ ನೋಡಿದೆವು. ಎಲ್ಲವೂ ಸರಿ ಇದ್ದವು, ಕೊನೆಯದೊಂದನ್ನು ಬಿಟ್ಟು. ಅದು ನಡುವೆಯೇ ತುಂಡಾಗಿತ್ತು. ಏನೇನೋ ಉಪಾಯ ಮಾಡಿದೆ, ಉಳಿದರ್ಧ ಸಿಗಲಿಲ್ಲ. ಆಮೇಲೆ ರೆಕಾರ್ಡರ್‌ನಲ್ಲಿದ್ದದ್ದನ್ನೆಲ್ಲ ಅಳಿಸಿ, ಕಂಪ್ಯೂಟರನ್ನೂ ಇನ್ನೊಮ್ಮೆ ಸ್ವಚ್ಛ ಮಾಡಿದೆ. ಮನೆಯಲ್ಲಿದ್ದ ಪೆನ್‌ಡ್ರೈವ್‌ಗಳನ್ನೆಲ್ಲ ತರಿಸಿದೆ. ಗೆಳೆಯನಿಗೆ ಕೊಡಲೆಂದು ಪಾಠ ತುಂಬಿಟ್ಟಿದ್ದ ಒಂದರಲ್ಲಿಯೂ ಅದೇ ವೈರಸ್ ಕೂತಿತ್ತು. ಇನ್ನೊಂದೆರಡು ದಿನ ತಡವಾಗಿದ್ದರೆ ಅದು ಇನ್ನೊಂದು ಮನೆ ಸೇರುತ್ತಿತ್ತು.

ಸುವರ್ಣಾಳ ಮುಖ ಬಾಡಿತ್ತು. "ಒಂದು ಪಾಠ ಕಾಪಿ ಮಾಡ್ಸೂದಿತ್ತು ಅಂತ ಬಜಾರದಾಗ ಜೆರಾಕ್ಸ್ ಅಂಗಡ್ಯಾಗ ಇದನ್ನ ಹಚ್ಚಿಸಿದ್ದೆ. ನಾನೇ ಮನೀಗಿ ತಂದಂಗಾತಲ್ರಿ."

ಅಲ್ಲಿಂದಲೇ ಬಂತೆಂದು ಖಚಿತವಾಗಿ ಹೇಳುವಂತಿರಲಿಲ್ಲ. ನಾನು ಬಾಯಿ ತೆರೆಯುವ ಮೊದಲೇ ಮಲ್ಲಿನಾಥ ನಕ್ಕ. "ನೀ ತಂದಿ, ನಾ ದಿನಾ ಎಂಟರ್ ಒತ್ತೀನಿ. ಇಬ್ಬರ್ದೂ ಬರೋಬರಿ ಆತು. ಹೋಗ್ಲಿ, ಉಳಿದ ಪಾಠ ಓದು."

"ಈಗೇನ್ರಿ? ಮೇಡಂ ಕುಂತಾರ."

"ಕುಂತ್ರ ಏನಾತು, ಅವ್ರೂ ಕೇಳ್ತಾರ."

ಆಕೆ ಪುಸ್ತಕ ತಂದು ನೆಲದ ಮೇಲೆ ಕುಳಿತು, ರೆಕಾರ್ಡರ್ ಬಾಯಿ ಹತ್ತಿರ ಹಿಡಿದು ಓದತೊಡಗಿದಳು. ಮಾತಿನಲ್ಲಿ ಆಕೆ ನಮ್ಮೆಲ್ಲರ ಹಾಗೆ, ಓದುವಾಗ ಮಾತ್ರ ಸ್ಪಷ್ಟ ಪುಸ್ತಕದ ಕನ್ನಡ. ಪಕ್ಕದ ಮನೆಯ ಕುಕ್ಕರ್ ಕೂಗಿದರೆ ನಿಲ್ಲಿಸಿ, ಅದು ಸುಮ್ಮನಾದ ಮೇಲೆ ವಾಕ್ಯವನ್ನು ಮೊದಲಿನಿಂದ ಹಿಡಿಯುತ್ತಿದ್ದಳು. ಮಲ್ಲಿನಾಥ ಮೊಣಕಾಲ ಮೇಲೆ ಕೈಯಿಟ್ಟು ಅಲ್ಲಾಡದೆ ಕೇಳುತ್ತಿದ್ದ. ನನ್ನ ಕೆಲಸ ಮುಗಿದಿತ್ತು, ಆದರೂ ಪಾಠ ಮುಗಿಯುವವರೆಗೆ ಏಳಲು ಮನಸ್ಸಾಗಲಿಲ್ಲ.

ವೈರಸ್ ಮತ್ತೆ ಬರಲಿಲ್ಲ. ಮಲ್ಲಿನಾಥ ಪರೀಕ್ಷೆ ಬರೆದ, ಪಾಸಾದ. ಈಗ ಅವನು ಒಂದು ಶಾಲೆಯಲ್ಲಿ ಸಮಾಜ ಪಾಠ ಹೇಳುತ್ತಾನೆ. ಫಲಿತಾಂಶ ಬಂದ ದಿನ ಅವನು ಫೋನ್ ಮಾಡಿದಾಗ ಹಿಂದಿನಿಂದ ಸುವರ್ಣಾ, "ನಾವಿಬ್ರೂ ಪಾಸಾದ್ವಿ ಅಂತ ಹೇಳ್ರಿ" ಎಂದು ಕೂಗಿದ್ದು ನನಗೆ ಕೇಳಿಸಿತ್ತು.

ಆ ಮೊದಲು ನಾನು ಯಂತ್ರಗಳನ್ನು ಮಾತ್ರ ರಿಪೇರಿ ಮಾಡುತ್ತಿದ್ದೆ. ಯಂತ್ರದ ರೋಗ ಎಷ್ಟೋ ಸಲ ಯಂತ್ರದಲ್ಲಿ ಇರುವುದಿಲ್ಲ, ಅದನ್ನು ಬಳಸುವವರ ದಿನಚರಿಯಲ್ಲಿ ಎಲ್ಲೋ ಕೂತಿರುತ್ತದೆ ಎಂಬುದನ್ನು ನನಗೆ ಕಮಲಾಪುರದ ಆ ಮನೆ ತೋರಿಸಿಕೊಟ್ಟಿತು. ಈಗ ಯಾರಾದರೂ ವೈರಸ್ ಎಂದು ಸಿಪಿಯು ಹೊತ್ತು ಬಂದರೆ ನಾನು ಕೂಡಲೇ ಸ್ಕ್ರೂಡ್ರೈವರ್‌ಗೆ ಕೈ ಹಾಕುವುದಿಲ್ಲ. ಕೇಬಲ್ ಜೋಡಿಸಿ, ನನ್ನ ಕುರ್ಚಿಯನ್ನು ಅವರಿಗೇ ಬಿಟ್ಟುಕೊಟ್ಟು ಪಕ್ಕದಲ್ಲಿ ನಿಲ್ಲುತ್ತೇನೆ. "ಮನ್ಯಾಗ ದಿನಾ ಏನೇನ್ ಹಚ್ತೀರಿ, ಏನೇನ್ ಒತ್ತೀರಿ, ಎಲ್ಲಾ ಮಾಡಿ ತೋರಸ್ರಿ" ಎನ್ನುತ್ತೇನೆ. ಆಮೇಲೆ ಸುಮ್ಮನೆ ನೋಡುತ್ತೇನೆ, ಕಿವಿಯನ್ನೂ ತೆರೆದಿಟ್ಟುಕೊಂಡು.