ಹುಣಸೆನೀರು ಕುಡಿದ ಕಾರ್ಬುರೇಟರ್

ಹಸಿರು ಗಾಜಿನ ಬಳೆಗಳನ್ನು ಮೊಣಕೈ ತನಕ ಏರಿಸಿ, ಕೆಳಗೆ ಜಾರದಂತೆ ರಬ್ಬರ್ ಬ್ಯಾಂಡ್ ಬಿಗಿದುಕೊಂಡು, ಆಂಟಿ ಕಾರಿನ ಬಾನೆಟ್ ಎತ್ತಿ ಒಳಗೆ ಬಗ್ಗಿರುತ್ತಿದ್ದರು. ಉಗುರಿನ ಸಂದಿಯಲ್ಲೆಲ್ಲ ಕಪ್ಪು ಗ್ರೀಸು. ಊಟದ ಹೊತ್ತಾದರೆ ಕಡಲೆಹಿಟ್ಟು ಹಚ್ಚಿ ಉಜ್ಜಿ ಉಜ್ಜಿ ತೊಳೆದು, ಅದೇ ಕೈಯಲ್ಲಿ ನಮಗೆ ಜೋಳದ ರೊಟ್ಟಿ ಬಡಿಯುತ್ತಿದ್ದರು.

ನಾನಾಗ ಅಮೆರಿಕದ ರಿಚರ್ಡ್‌ಸನ್‌ನಲ್ಲಿ ಎಂ.ಎಸ್. ಓದುತ್ತಿದ್ದೆ. ಮೈಸೂರಿನವಳಾದ ನನಗೆ ಧಾರವಾಡದ ರೊಟ್ಟಿಯ ರುಚಿ ಹತ್ತಿಸಿದವರೇ, ಅಲ್ಲಿನ ಕನ್ನಡ ಸಂಘದಲ್ಲಿ ಪರಿಚಯವಾದ ಈ ಆಂಟಿ. ಭಾನುವಾರ ಅವರ ಯಜಮಾನರು ಕಾರು ತಂದು ನನ್ನನ್ನು ಹತ್ತಿರದ ಊರಾದ ಫ್ಲವರ್ ಮೌಂಡಿನ ತಮ್ಮ ಮನೆಗೆ ಕರೆದೊಯ್ಯುತ್ತಿದ್ದರು. ಅಂಕಲ್ ಟೆಲಿಕಾಂ ಇಂಜಿನಿಯರ್. ಆಂಟಿ ಊರಿನಲ್ಲಿ ಕಾಲೇಜು ಹುಡುಗರಿಗೆ ಕೆಮಿಸ್ಟ್ರಿ ಪಾಠ ಮಾಡಿದವರು. ಇಲ್ಲಿ ಗಂಡನ ವೀಸಾದ ಬಾಲ ಹಿಡಿದು ಬಂದ ಹೆಂಡತಿ, ಅಂದರೆ ಕೆಲಸಕ್ಕೆ ಸೇರುವಂತಿಲ್ಲ. ಕನ್ನಡದವರು ಸೇರಿದ ಕಡೆ ಯಾರಾದರೂ "ನೀವೇನ್ ಮಾಡ್ತೀರಾ?" ಎಂದರೆ ಅವರ ಮುಖ ಸಣ್ಣದಾಗುವುದನ್ನು ನಾನೇ ಕಂಡಿದ್ದೇನೆ.

ಅದಕ್ಕೇ ಆ ಕಾರು. ಅರವತ್ತರ ದಶಕದ್ದು, ಎರಡೇ ಬಾಗಿಲು, ಉದ್ದ ಮೂತಿ, ಅದರೊಳಗೆ ರಾಕ್ಷಸ ಎಂಜಿನ್. ಇಲ್ಲಿಯವರು ಮಸಲ್ ಕಾರ್ ಎಂದು ಮೋಹದಿಂದ ಕರೆಯುತ್ತಾರೆ. ಊರು ಬಿಡುತ್ತಿದ್ದ ಎದುರು ಮನೆಯ ಮುದುಕರ ಅಂಗಳದಲ್ಲಿ ತುಕ್ಕು ಹಿಡಿಯುತ್ತಿದ್ದುದನ್ನು ಆಂಟಿ ಕೇಳಿ ಪಡೆದಿದ್ದರು. ಅಲ್ಲಿಯವರೆಗೆ ಸ್ಕೂಟರಿನ ಪ್ಲಗ್ ಕೂಡ ಬಿಚ್ಚಿದವರಲ್ಲ. ಲೈಬ್ರರಿಯಿಂದ ರಿಪೇರಿ ಪುಸ್ತಕ ತಂದರು, ಬಿಚ್ಚಿದ ನಟ್ಟು ಬೋಲ್ಟುಗಳನ್ನು ಮಸಾಲೆ ಡಬ್ಬಿಯ ಬಟ್ಟಲುಗಳಲ್ಲಿ ವಿಂಗಡಿಸಿಟ್ಟರು. "ನೋಡ್ಕೊಂಡ ಉಣ್ಣವಾ, ಪಲ್ಯಾದಾಗ ನಟ್ ಬಂದೀತು," ಎಂದು ಅಂಕಲ್ ನನ್ನನ್ನು ಎಚ್ಚರಿಸುತ್ತಿದ್ದರು.

ಪೆಟ್ರೋಲನ್ನು ಗಾಳಿಯೊಂದಿಗೆ ಬೆರೆಸಿ ಎಂಜಿನ್ನಿಗೆ ಕಳಿಸುವ ಕಾರ್ಬುರೇಟರ್ ಕೊಳೆ ಕಟ್ಟಿತ್ತು. ಒಂದು ಭಾನುವಾರ ಆಂಟಿ ಅದನ್ನು ಬಕೆಟ್ಟಿನ ಹುಣಸೆನೀರಿನಲ್ಲಿ ಮುಳುಗಿಸಿದರು. "ದೇವರ ದೀಪ ಎಷ್ಟ ಲಖಲಖ ಆಗ್ತದ, ಇದ್ಯಾಕ ಆಗಬಾರ್ದು?" ಎಂದರು. ಹಿತ್ತಾಳೆಗೆ ಒಗ್ಗಿದ ಹುಳಿ ಈ ಮೆದು ಲೋಹಕ್ಕೆ ಆಗಿಬರಲಿಲ್ಲ. ಸಂಜೆ ತೆಗೆದರೆ ಮೈಯೆಲ್ಲ ಕಪ್ಪಿಟ್ಟು, ಅಲ್ಲಲ್ಲಿ ತಿಂದುಹೋಗಿ, ಸಣ್ಣ ತೂತುಗಳಲ್ಲಿ ಹುಣಸೆ ನಾರು ಸಿಕ್ಕಿಕೊಂಡಿತ್ತು. ಆಂಟಿ ಗ್ಯಾರೇಜಿನ ಮೆಟ್ಟಿಲ ಮೇಲೆ ಕುಸಿದು ಕೂತರು.

"ಅಷ್ಟ ವರ್ಷ ಹುಡುಗ್ರಿಗೆ ಆಸಿಡ್ ಪಾಠ ಹೇಳೀನಿ ತಂಗಿ. ಹುಣಸಿ ವಾಸನಿ ಮೂಗಿಗೆ ಬಡದ ಕೂಡ್ಲೇ ಎಲ್ಲಾ ಮರತ ಬಿಟ್ಟೆ ನೋಡು," ಎಂದು ನಗತೊಡಗಿದವರು, ನಗುತ್ತ ನಗುತ್ತ ಕಣ್ಣೊರೆಸಿಕೊಂಡರು. ಮುಂದಿನ ವಾರ ಸೀರೆಯ ಕೆಳಗೆ ಸ್ಪೋರ್ಟ್ಸ್ ಶೂ ಹಾಕಿಕೊಂಡು ಗುಜರಿಗೆ ಹೋಗಿ, ಇನ್ನೊಂದು ಕಾರ್ಬುರೇಟರನ್ನು ತಾವೇ ಬಿಚ್ಚಿ ತಂದರು.

ಟೆಲಿಕಾಂ ಕಂಪನಿಗಳು ಜನರನ್ನು ಮನೆಗೆ ಕಳಿಸತೊಡಗಿದ ಕಾಲವದು. ಅಂಕಲ್ ಕೆಲಸವೂ ಹೋಯಿತು. ಕೆಲಸವಿಲ್ಲವೆಂದರೆ ವೀಸಾ ಇಲ್ಲ, ಊರಿಗೆ ಗಂಟುಮೂಟೆ ಕಟ್ಟಲೇಬೇಕು. ಕಾರನ್ನು ಗುಜರಿಗೆ ಹಾಕೋಣ ಎಂದು ಅಂಕಲ್ ಮೆಲ್ಲಗೆ ಹೇಳಿದಾಗ ನಾನು ಅಲ್ಲೇ ಇದ್ದೆ.

"ಹಂಗ ಮಾಡಿದ್ರ ನಾ ಇಲ್ಲಿ ಇಷ್ಟ ದಿನ ಏನೂ ಮಾಡೇ ಇಲ್ಲ ಅಂದಂಗಾತ್ರಿ. ಒಂದ್ಸಲ ಚಾಲೂ ಆಗ್ಲಿ. ಆಮ್ಯಾಲ ಯಾರಿಗರೆ ಕೊಡ್ರಿ," ಎಂದರು ಆಂಟಿ.

ಹೊರಡುವ ವಾರ ಅದು ಚಾಲೂ ಆಯಿತು. ಮೊದಲು ಕೆಮ್ಮಿತು, ನಿಂತುಹೋಯಿತು, ಮತ್ತೆ ಕೀಲಿ ತಿರುಗಿಸಿದಾಗ ಗ್ಯಾರೇಜಿನ ಗೋಡೆಯೇ ನಡುಗುವಂತೆ ಗುಡುಗಿತು. ಸಾಮಾನು ಕಟ್ಟುತ್ತಿದ್ದ ಅಂಕಲ್ ಕೈಯಲ್ಲಿ ಟೇಪು ಹಿಡಿದೇ ಓಡಿ ಬಂದರು. ಆಂಟಿ ಸ್ಟೇರಿಂಗಿನಿಂದ ಕೈ ತೆಗೆಯದೆ ಕೂತೇ ಇದ್ದರು.

ಕೊಳ್ಳಲು ಬಂದ ಅಮೆರಿಕನ್ ಎಲ್ಲ ಪ್ರಶ್ನೆಯನ್ನೂ ಅಂಕಲ್ ಕಡೆ ತಿರುಗಿಯೇ ಕೇಳುತ್ತಿದ್ದ. ಅಂಕಲ್ ಒಂದು ಹೆಜ್ಜೆ ಪಕ್ಕಕ್ಕೆ ಸರಿದು, ತನಗೇನೂ ಗೊತ್ತಿಲ್ಲ, ಇದನ್ನು ಕಟ್ಟಿದವಳು ಇವಳು ಎಂದರು. ಆಂಟಿ ಕ್ಲಾಸಿನಲ್ಲಿ ನಿಂತಂತೆ ನೆಟ್ಟಗೆ ನಿಂತು, ಅರ್ಧ ಗಂಟೆ ಪಾಠ ಮಾಡಿದರು. ಅವನು ಟೋಪಿ ತೆಗೆದು ಕೇಳಿಸಿಕೊಂಡ. ನನಗೆ ಎದೆಯುಬ್ಬಿ ಬಂತು.

ಕೆಲವು ವರ್ಷಗಳ ಮೇಲೆ, ಮದುವೆಯಾಗಿ ನೆಲೆಸಿದ್ದ ಆಸ್ಟಿನ್‌ನಲ್ಲಿ ನನ್ನ ಕೆಲಸವೂ ಹೋಗಿ, ನಾನೂ ಗಂಡನ ವೀಸಾದ ಬಾಲವಾದೆ. ಹಗಲೆಲ್ಲ ಹಾಸಿಗೆಯಲ್ಲೇ ಬಿದ್ದಿರುತ್ತಿದ್ದೆ. ಸುದ್ದಿ ತಿಳಿದ ಆಂಟಿ ಧಾರವಾಡದಿಂದ ಶನಿವಾರ ಶನಿವಾರ ಫೋನ್ ಮಾಡತೊಡಗಿದರು. ಸಮಾಧಾನ ಗಿಮಾಧಾನ ಏನೂ ಇಲ್ಲ, ಒಂದೇ ಪ್ರಶ್ನೆ: "ಇವತ್ತ ಏನ್ ಮಾಡಿದಿ ತಂಗಿ?" ಏನೂ ಇಲ್ಲ ಅನ್ನಲು ನಾಚಿಕೆಯಾಗಿ ಎದ್ದೆ. ಬಡಾವಣೆಯ ಲೈಬ್ರರಿಗೆ ಹೋಗಿ, ಸಂಬಳವಿಲ್ಲದೆ, ಹರಿದ ಪುಸ್ತಕಗಳಿಗೆ ಹೊಲಿಗೆ ಹಾಕುವುದನ್ನು ಕಲಿತೆ. ಆ ಪ್ರಶ್ನೆ ಇಲ್ಲದಿದ್ದರೆ ನಾನು ಇನ್ನೂ ಎಷ್ಟು ದಿನ ಗೋಡೆ ನೋಡುತ್ತ ಮಲಗಿರುತ್ತಿದ್ದೆನೋ ಗೊತ್ತಿಲ್ಲ.

ಒಂದು ಶನಿವಾರ ಫೋನಿನಲ್ಲಿ ಅಂಕಲ್ ದನಿ ಬಂತು. "ಹೋದಳವಾ ನಿಮ್ಮ ಆಂಟಿ," ಎಂದರು. ನಾನು ಅತ್ತೆ. ಅವರು ಫೋನ್ ಇಡಲಿಲ್ಲ. ನನ್ನ ಅಳು ನಿಂತ ಮೇಲೆ ಕೇಳಿದರು:

"ಇವತ್ತ ಏನ್ ಮಾಡಿದಿ ತಂಗಿ?"

"ಹರಿದುಹೋದ ಅಟ್ಲಾಸ್ ಒಂದನ್ನ ಹೊಲಿದೆ ಅಂಕಲ್," ಎಂದೆ.