ಬೆಳಗಿನ ಹೊಗೆ, ಮಧ್ಯಾಹ್ನದ ಉಬ್ಬಸ

ಗಜೇಂದ್ರಗಡದ ನಮ್ಮ ಓಣಿಯ ಅಂಗಡಿಕಾರರಿಗೆ ಕಸ ಯಾವ ಹೊತ್ತಿಗೆ ಸುಡಬೇಕು ಅಂತ ಹೇಳಿಕೊಟ್ಟವನು ನಾನೇ. ನೆನೆಸಿಕೊಂಡರೆ ಇವತ್ತಿಗೂ ಮೈ ಉರಿಯುತ್ತದೆ.

ಮೊದಲು ಎಲ್ಲರೂ ಅಂಗಡಿ ತೆಗೆದ ಮೇಲೆ ಸುಡುತ್ತಿದ್ದರು. ಪ್ಲಾಸ್ಟಿಕ್ ಹಾಳೆ, ರಟ್ಟು, ಹರಿದ ಚೀಲ ಕೂಡಿಸಿ ಒಂದು ಕಡ್ಡಿ ಗೀರಿದರೆ ಮುಗಿಯಿತು. ನನ್ನ ಅಂಗಡಿಗೆ ಸೀರೆ ನೋಡಲು ಬಂದ ಹೆಂಗಸರು ಮೂಗಿಗೆ ಸೆರಗು ಹಿಡಿದು ಎದ್ದು ಹೋಗೋರು. ಬಸ್‌ಸ್ಟ್ಯಾಂಡಿನಲ್ಲಿ ಹೆಗಲ ಮೇಲೆ ಗಂಟು ಹೊತ್ತು ಸೀರೆ ಮಾರಿ ಅಂಗಡಿ ಕಂಡವನು ನಾನು. ಗಿರಾಕಿ ಎದ್ದು ಹೋಗುವುದನ್ನು ಸಹಿಸುವವನಲ್ಲ. ಅಂಗಡಿ ಹಿಂದೆಯೇ ಮನೆ, ಮನೆಯಲ್ಲಿ ಉಬ್ಬಸದ ಅಕ್ಕ. ಮಗ್ಗದ ಮೇಲೆ ಕೂತು ನನ್ನನ್ನು ಸಾಕಿದವಳು ಅವಳೇ. ಈಗ ಮಗ್ಗ ಬಿಟ್ಟಿದ್ದಾಳೆ, ಆದರೆ ದಿನಾ ರಾಟಿ ತಿರುಗಿಸಿ ನೇಕಾರರ ಕಂಡಿಕೆ ಕೊಳವೆಗೆ ನೂಲು ಸುತ್ತದಿದ್ದರೆ ಅವಳಿಗೆ ಅನ್ನ ಇಳಿಯುವುದಿಲ್ಲ.

ಹಾಗಾಗಿ ಪಕ್ಕದ ಪಾತ್ರೆ ಅಂಗಡಿಯ ಸಾಹುಕಾರರ ಜೊತೆ ಜಗಳ ತೆಗೆದು, ಒಪ್ಪಂದದಲ್ಲಿ ಮುಗಿಸಿದೆ. ಸೂರ್ಯ ಮೂಡುವ ಮೊದಲೇ ಸುಡುವುದು. ಗಿರಾಕಿ ಬರುವ ಹೊತ್ತಿಗೆ ಹೊಗೆಯೂ ಇಲ್ಲ, ವಾಸನೆಯೂ ಇಲ್ಲ. ಆಮೇಲೆ ನನ್ನ ಬಾಯಿ ಸುಮ್ಮನಿರಲಿಲ್ಲ. ಚಹಾ ಕುಡಿದ ಕಡೆಯೆಲ್ಲಾ ಹೇಳಿದೆ, ವಸೂಲಿಗೆ ಹೋದಾಗ ರೋಣ, ನರಗುಂದದ ವ್ಯಾಪಾರಿಗಳಿಗೂ ಹೇಳಿದೆ: "ಹೊತ್ತ ಏರೂದ್ರಾಗ ಸುಟ್ಟ ಬಿಡ್ರಿ. ಉಳಿದದ್ದನ್ನ ಬಿಸಲು ಸ್ವಚ್ಛ ಮಾಡತೈತಿ." ಇಡೀ ಓಣಿ ನನ್ನ ಮಾತು ಕೇಳಿತು.

ನಮ್ಮ ಕಡೆ ಬಿಸಿಲಿನ ಮೇಲೆ ಅಷ್ಟು ಭರವಸೆ. ಹುಳ ಬಿದ್ದ ಜೋಳ, ಮುಗ್ಗು ವಾಸನೆಯ ಹಾಸಿಗೆ, ಕೂಸಿನ ಕೌದಿ, ಎಲ್ಲಕ್ಕೂ ಅದೇ ಔಷಧ. ಅಕ್ಕನನ್ನೂ ನಾನು ಹಾಗೇ ಬಿಸಿಲಿಗೆ ಹಾಕಿದೆ. "ಊಟಾ ಆದಮ್ಯಾಲೆ ಮಾಳಿಗಿ ಮ್ಯಾಲೆ ರಾಟಿ ಇಟ್ಕೊಂಡು ಕುಂದ್ರು ಯಕ್ಕಾ, ಎದಿ ಸಡ್ಲ ಆಗತೈತಿ."

ಆಗಲಿಲ್ಲ. ಎರಡು ಗಂಟೆಯ ಸುಮಾರಿಗೆ ರಾಟಿಯ ಸದ್ದು ನಿಲ್ಲುತ್ತಿತ್ತು. ಮೇಲೆ ಹೋದರೆ ಗೋಡೆಗೆ ಕೈ ಕೊಟ್ಟು, ಬಾಯಿ ತೆರೆದು ಕೂತಿರುತ್ತಿದ್ದಳು. ಆಕಾಶ ತೊಳೆದಿಟ್ಟ ಹಾಗೆ ಇರುತ್ತಿತ್ತು. ನಾನು ಅವಳನ್ನೇ ಬೈದೆ: "ಹೊಗಿ ಎಲ್ಲೈತಿ? ಗುಳಿಗಿ ತಪ್ಪಿಸೀ ಏನು?"

ಅವಳು ಉಸಿರು ಕೂಡಿಸಿಕೊಂಡು ಅಂದಳು: "ಹೊಗಿ ಕಂಡಿದ್ರ ಎದ್ದು ಓಡತಿದ್ನೆಪ್ಪಾ."

ರೋಣದ ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸುವ ಮೇಡಂ ಒಬ್ಬರು ನನ್ನ ಹಳೆಯ ಗಿರಾಕಿ. ಸೀರೆ ಬಿಚ್ಚಿ ತೋರಿಸುತ್ತಾ ಅವರಿಗೆ ಇದನ್ನೆಲ್ಲಾ ಹೇಳಿದೆ, ನನ್ನ ಒಪ್ಪಂದದ ಜಾಣತನವನ್ನೂ ಸೇರಿಸಿ. ಅವರು ಕೈಯಲ್ಲಿದ್ದ ಸೀರೆ ಕೆಳಗಿಟ್ಟರು.

"ಕಸ ಸುಟ್ಟರ ಕರೀ ಹೊಗಿ ಅಷ್ಟ ಬರೂದಿಲ್ರಿ. ಫಾರ್ಮಾಲ್ಡಿಹೈಡ್‌ನಂಥಾ ಅನಿಲನೂ ಬರತಾವು, ಕಣ್ಣಿಗೆ ಕಾಣೂದಿಲ್ಲ. ಕಾರ್ಬೊನಿಲ್ ಅಂತೀವಿ ನಾವು. ಬಿಸಲಿನ ಕಿರಣ ಬಿದ್ದಂಗ ಅವು ಒಡೀತಾವು."

"ಒಡದ್ರ ಚಲೋನ ಆತಲ್ರಿ, ಖಲಾಸ್!"

"ಖಲಾಸ್ ಅಲ್ರಿ, ಅಲ್ಲಿಂದ ಶುರು. ಆ ತುಣುಕು ಸುಮ್ಮನ ಇರೂದಿಲ್ಲ. ಗಾಳಿಯಾಗಿನ ಆಕ್ಸಿಜನ್ನು, ಗಾಡಿ ಹೊಗಿ, ಎಲ್ಲಾದರ ಕೂಡ ಹತ್ತಿಕೊಂಡು ಓಜೋನ್ ಅನ್ನೂ ಕಣ್ಣಿಗೆ ಕಾಣದ ಅನಿಲ ಹುಟ್ಟಿಸತಾವು. ಹೊತ್ತ ಏರಿದಂಗ ಅದೂ ಏರತೈತಿ, ಮಧ್ಯಾಹ್ನ ಭಾಳ. ಉಬ್ಬಸದವರ ಎದಿಗೆ ಅದು ವಿಷ. ನಿಮ್ಮ ಅಕ್ಕಾರಿಗೆ ಇದೊಂದ ಕಾರಣ ಅನ್ನಂಗಿಲ್ಲ. ಆದ್ರ ನೀವು ನಸುಕಿನ್ಯಾಗ ಸುಟ್ಟು ಬಿಸಲಿಗೆ ಇಡೀ ದಿನದ ಕೆಲಸ ಕೊಟ್ಟೀರಿ."

ನನ್ನ ನಾಲಿಗೆ ತನ್ನ ಚಾಳಿ ಬಿಡಲಿಲ್ಲ. "ಹಂಗಾರ ಸಂಜಿಗೆ ಸುಟ್ಟರ?"

"ರಾತ್ರಿಯೆಲ್ಲಾ ಓಣ್ಯಾಗ ಕುಂತು ಮುಂಜಾನೆ ಬಿಸಲಿಗೆ ಸಿಗತೈತಿ."

"ಮಧ್ಯಾಹ್ನ?"

"ಅಣ್ಣಾರ, ಇದು ಸೀರಿ ಅಲ್ಲ, ಚೌಕಾಶಿ ಮಾಡಬ್ಯಾಡ್ರಿ. ಸುಡೂದ ಬಿಡ್ರಿ."

ಅವತ್ತು ಅವರಿಗೆ ಸೀರೆ ಸುತ್ತಿ ಕೊಟ್ಟು, ದುಡ್ಡನ್ನು ಎಣಿಸದೆ ಗಲ್ಲಾಪೆಟ್ಟಿಗೆಗೆ ಹಾಕಿದೆ. ಸಿಟ್ಟು ಯಾರ ಮೇಲೆ ಅಂತ ಗೊತ್ತಾಗದ ಸಿಟ್ಟು. ಬಿಸಿಲಿನಲ್ಲಿ ಕೂರಿಸಿದವನು ನಾನು, ಕೂತಿದ್ದಕ್ಕೆ ಬೈದವನೂ ನಾನು. ನೇರ ಪಾತ್ರೆ ಅಂಗಡಿಗೆ ನುಗ್ಗಿದೆ: "ನಾಳೆಯಿಂದ ಕಡ್ಡಿ ಗೀರಬ್ಯಾಡ್ರಿ. ನಸುಕಿನ ಹೊಗಿ ಬಿಸಲಾಗ ವಿಷ ಆಗತೈತಿ."

ಸಾಹುಕಾರರು ನಕ್ಕರು. "ನಸುಕಿನ ಮುಹೂರ್ತ ಇಟ್ಟವರು ನೀವಽ. ಈಗ ಯಾವ ಪಂಚಾಂಗ ನೋಡಿ ಬಂದ್ರಿ?" ಅಲ್ಲಿದ್ದವರೆಲ್ಲಾ ನಕ್ಕರು. "ಇರ್ಲಿ, ಬಿಟ್ಟರ ಏನ ಕೊಡ್ತೀರಿ?"

"ಏನೂ ಕೊಡೂದಿಲ್ಲ!" ಕೂಗಿಬಿಟ್ಟೆ. "ಎರಡು ಗಂಟೇಕ ನಮ್ಮನಿ ಮಾಳಿಗಿಗೆ ಬರ್ರಿ. ಅಕ್ಕನ ಬಾಜೂಕ ಕುಂದರ್ರಿ. ಆಮ್ಯಾಲೆ ನಗ್ರಿ."

ಬರಲಾರರು ಅಂದುಕೊಂಡಿದ್ದೆ. ಬಂದರು. ಅಕ್ಕ ಎದೆ ಹಿಡಿದುಕೊಂಡೇ ಮರ್ಯಾದೆ ಮರೆಯಲಿಲ್ಲ. "ಚಹಾ..." ಅಂದಳು, ಉಸಿರು ಎಳೆದಳು, "ಕುಡೀರಿ..." ಮತ್ತೆ ಎಳೆದಳು, "ಅಣ್ಣಾ." ಸಾಹುಕಾರರು ಚಹಾ ಕುಡಿಯಲಿಲ್ಲ, ನನ್ನ ಮುಖವನ್ನೂ ನೋಡಲಿಲ್ಲ. ಮೆಟ್ಟಿಲು ಇಳಿದು ಹೋದರು.

ಮರುದಿನ ಅವರ ಕಸ ಚೀಲದಲ್ಲಿ ಕಟ್ಟಿಟ್ಟಿತ್ತು, ಕಸದ ಗಾಡಿಗೆ ಹೋಯಿತು. ಅಷ್ಟಕ್ಕೆ ಸಮಾಧಾನ ಪಟ್ಟುಕೊಳ್ಳಬೇಕೆಂದರೆ ಓಣಿಯ ಆ ತುದಿಯಲ್ಲಿ ಮೂರು ಕಡೆ ಹೊಗೆ ಎದ್ದಿತ್ತು. ಸೂರ್ಯ ಇನ್ನೂ ಮೂಡಿರಲಿಲ್ಲ. ನನ್ನ ಮಾತನ್ನು ಅಕ್ಷರಕ್ಕೆ ಅಕ್ಷರ ಪಾಲಿಸುವ ಜನ!

ಅಕ್ಕ ಈಗ ಮಧ್ಯಾಹ್ನ ಒಳಕೋಣೆಯಲ್ಲಿ ಬಾಗಿಲು ಹಾಕಿಕೊಂಡು ನೂಲು ಸುತ್ತುತ್ತಾಳೆ. ನಾನು ಒಂದೊಂದೇ ಅಂಗಡಿಯ ಮುಂದೆ ನಿಂತು ನನ್ನ ಮಾತನ್ನು ವಾಪಸ್ ಕೇಳುತ್ತಿದ್ದೇನೆ. ಬುದ್ಧಿ ಹೇಳುವಾಗ ಕೂರಿಸಿ ಚಹಾ ಕೊಟ್ಟವರು ಈಗ "ನಾಳೆ ನೋಡೂಣ್ರಿ" ಅನ್ನುತ್ತಾರೆ. ನಾಳೆಯೂ ಹೋಗುತ್ತೇನೆ. ನರಗುಂದದ ಬಸ್ಸು ಏಳಕ್ಕೆ. ಅಲ್ಲಿಯೂ ನನ್ನ ಮಾತು ಕೇಳಿದ ನಾಲ್ಕು ಅಂಗಡಿ ಇವೆ.