ಗಿರಿಜಕ್ಕನ ಕಿರುಬೆರಳು

ಗಿರಿಜಕ್ಕ ನಮ್ಮ ಮನೆಗೆ ಬಂದರೆ ಕೈಕಾಲು ತೊಳೆದು ಮೊದಲು ಮಾಡುತ್ತಿದ್ದ ಕೆಲಸ ಒಂದೇ. ಬಲಗೈಯ ಕಿರುಬೆರಳನ್ನು ಮಗುವಿನ ಬಟ್ಟಲಿಗೆ ಅದ್ದಿ ನಾಲಿಗೆಗೆ ಮುಟ್ಟಿಸಿಕೊಂಡು ಕಣ್ಣು ಮುಚ್ಚುತ್ತಿದ್ದಳು. ಆಮೇಲೆ ಕಣ್ಣು ಬಿಟ್ಟು ಅಡಿಗೆ ಮಾಡಿದವಳ ಮುಖ ನೋಡುತ್ತಿದ್ದಳು. ಪೊಲೀಸರು ಕೂಡ ಹಾಗೆ ನೋಡುವುದಿಲ್ಲ.

ಅವಳು ನನ್ನ ಸೊಸೆ ಸುಮತಿಯ ತಾಯಿ, ನನಗೆ ಬೀಗಿತಿ. ಊರು ಕಾರ್ಕಳ. ಗಂಡ ಸತ್ತ ಮೇಲೆ ಮಣಿಪಾಲಕ್ಕೆ ಬಂದು ಒಂದು ಆಸ್ಪತ್ರೆಯ ಅಡಿಗೆಮನೆಯಲ್ಲಿ ಕೆಲಸಕ್ಕೆ ಸೇರಿದ್ದಳು. ಬಿ.ಪಿ. ಇದ್ದವರಿಗೆ, ಕಿಡ್ನಿ ಕೆಟ್ಟವರಿಗೆ ಉಪ್ಪಿಲ್ಲದ ಊಟ ಬೇಯಿಸುವುದು ಅವಳ ಪಾಲಿನ ಕೆಲಸ. ಎಷ್ಟೋ ವರ್ಷ ಸಪ್ಪೆ ರುಚಿ ನೋಡಿ ನೋಡಿ ತನ್ನ ನಾಲಿಗೆ ಹರಿತವಾಗಿದೆ, ಒಂದು ಕೊಡಪಾನ ನೀರಿಗೆ ಚಿಟಿಕೆ ಉಪ್ಪು ಬಿದ್ದರೂ ಹೇಳಬಲ್ಲೆ ಎನ್ನುತ್ತಿದ್ದಳು. ನಾನು ನಂಬಿರಲಿಲ್ಲ. ತಮ್ಮ ದೊಡ್ಡಸ್ತಿಕೆಯನ್ನು ತಾವೇ ಹೇಳಿಕೊಳ್ಳುವವರನ್ನು ನಾನು ಈಗಲೂ ನಂಬುವುದಿಲ್ಲ.

ಕುಳ್ಳಗಿನ ಹೆಂಗಸು. ಬೇಗ ಬೇಗ ನಡೆಯುತ್ತಿದ್ದಳು. ಕಂಕುಳಲ್ಲಿ ಯಾವಾಗಲೂ ಒಂದು ಬಟ್ಟೆಯ ಚೀಲ, ಅದರ ಬಾಯಿಗೆ ಬಿಗಿಯಾದ ಗಂಟು. ಭಾನುವಾರ ರಜೆ ಸಿಕ್ಕಿದರೆ ಬಸ್ಸಿನಲ್ಲಿ ಉದ್ಯಾವರಕ್ಕೆ ಬಂದಿಳಿದು, ಹೊಳೆಬದಿಯ ನಮ್ಮ ಮನೆಗೆ ನಡೆದೇ ಬರುತ್ತಿದ್ದಳು. ಬಂದವಳು ಕುಳಿತುಕೊಳ್ಳುತ್ತಲೂ ಇರಲಿಲ್ಲ, ನಮ್ಮಲ್ಲಿ ಒಂದು ಲೋಟ ನೀರೂ ಕುಡಿಯುತ್ತಿರಲಿಲ್ಲ.

ಎಪ್ಪತ್ತೆಂಟನೇ ಇಸವಿಯೋ ಎಪ್ಪತ್ತೊಂಬತ್ತೋ ಇರಬೇಕು. ಸುಮತಿ ಬಾಣಂತನ ಮುಗಿಸಿ ನಮ್ಮಲ್ಲಿಗೆ ಬಂದಾಗ ಮಗು ಶಶಿಗೆ ಏಳು ತಿಂಗಳು. ಗಿರಿಜಕ್ಕ ಅಂದೇ ಅಪ್ಪಣೆ ಕೊಟ್ಟು ಹೋದಳು. ವರ್ಷ ತುಂಬುವವರೆಗೆ ಮಗುವಿಗೆ ಒಂದು ಹರಳು ಉಪ್ಪು ಕೊಡಬಾರದು. ಬೇರೆ ಅಡಿಗೆ ಮಾಡಬೇಕೆಂದೇನೂ ಇಲ್ಲ, ಮನೆಮಂದಿಯ ಗಂಜಿ, ತೊವ್ವೆ, ಬೇಯಿಸಿದ ತರಕಾರಿಯೇ ಸಾಕು. ಉಪ್ಪು ಮೆಣಸು ಹಾಕುವ ಮೊದಲು ಒಂದು ಸೌಟು ಬೇರೆ ತೆಗೆದಿಡಬೇಕು. ನಮ್ಮ ಯಜಮಾನರಿಗೆ ಮೀನುಸಾರಿಗೆ ಅದ್ದಿದ ಬೆರಳನ್ನು ಮಕ್ಕಳಿಗೆ ಚೀಪಲು ಕೊಡುವ ಅಭ್ಯಾಸ ಇತ್ತು. ಅದೂ ನಿಲ್ಲಬೇಕಾಯಿತು.

"ನಿಮ್ಮ ನಾಲಿಗೆಯ ಚಟ ಮಗುವಿಗೆ ಯಾಕೆ?" ಎಂದು ಕೇಳುತ್ತಿದ್ದಳು. ಮಗುವಿನ ಕಿಡ್ನಿ ಗೇರುಬೀಜದಷ್ಟು ಇರುತ್ತದೆ, ಉಪ್ಪು ಸೋಸುವ ಶಕ್ತಿ ಅದಕ್ಕೆ ಇನ್ನೂ ಬಂದಿರುವುದಿಲ್ಲ ಎಂದು ಡಾಕ್ಟರಮ್ಮನ ಹಾಗೆ ವಿವರಿಸುತ್ತಿದ್ದಳು. ಐದು ಮಕ್ಕಳನ್ನು ನನ್ನ ಬಟ್ಟಲಿನಿಂದಲೇ ಉಣ್ಣಿಸಿ ಸಾಕಿದವಳು ನಾನು. ನನಗೆ ಕಲಿಸಲು ಬಂದಿದ್ದಾಳೆ ಎಂದು ಸಿಟ್ಟು ಬಂತು.

ಸುಳ್ಳು ಯಾಕೆ ಹೇಳಲಿ, ಆ ವಾರ ನಾನು ಮಗುವಿನ ಗಂಜಿಗೆ ಕಲ್ಲುಪ್ಪು ಹಾಕಿದೆ. ಒಂದೇ ಸಲ, ಎರಡು ಹರಳು. ಮಗು ಚಪ್ಪರಿಸಿ ತಿಂದಿತು. ಅಂದು ಹೇಳದೆ ಕೇಳದೆ ಗಿರಿಜಕ್ಕ ಬಂದು ಬಾಗಿಲಲ್ಲಿ ನಿಂತಳು. ಕಿರುಬೆರಳು ಅದ್ದಿದಳು, ನನ್ನ ಮುಖ ನೋಡಿದಳು. ನಾನು ಸೊಸೆಯ ಮುಖ ನೋಡಿದೆ. ಅವಳು ಉಳಿದ ಗಂಜಿ ಚೆಲ್ಲಿ ಬಟ್ಟಲನ್ನು ತಾನೇ ತೊಳೆದಿಟ್ಟಳು.

ಅಲ್ಲಿಂದ ಮೇಲೆ ನಾನು ಉಪ್ಪು ಮುಟ್ಟಲಿಲ್ಲ. ಮರ್ಯಾದೆಯ ಪ್ರಶ್ನೆ. ಅವಳು ಬಂದಾಗ ಬಟ್ಟಲನ್ನು ನಾನೇ ಮುಂದೆ ಇಡುತ್ತಿದ್ದೆ. ಎರಡು ತಿಂಗಳು ಅವಳು ತಲೆಯಾಡಿಸಿ ಸುಮ್ಮನಾದಳು. ಬೇಸಿಗೆ ಶುರುವಾಗುವ ಹೊತ್ತಿಗೆ ಒಂದು ಭಾನುವಾರ ಮತ್ತೆ ಹಾಗೆಯೇ ನೋಡಿದಳು. "ಇದಕ್ಕೆ ಉಪ್ಪು ಹಾಕಿದ್ದು ಯಾರು?"

ಯಾರೂ ಹಾಕಿಲ್ಲ ಎಂದೆ. ಅವಳು ನಂಬಲಿಲ್ಲ. ನಂಬಿ ಎನ್ನಲು ನನಗೂ ಮುಖ ಇರಲಿಲ್ಲ. ಸುಮತಿಯನ್ನು ಕೇಳಿದಾಗ ತಾನಲ್ಲ ಎಂದಳು. ಯಜಮಾನರು ದೇವರ ಆಣೆ ಹಾಕಿದರು. ಮುಂದಿನ ವಾರವೂ ಉಪ್ಪು, ಮೊದಲಿಗಿಂತ ಜಾಸ್ತಿಯಂತೆ.

ನನಗೆ ಬೇರೆಯೇ ಸಂಶಯ ಹುಟ್ಟಿತು. ಬೆರಳಲ್ಲಿ ಉಪ್ಪು ಇಟ್ಟುಕೊಂಡು ಬಂದು ಇವಳೇ ಬಟ್ಟಲಿಗೆ ಬಿಡುತ್ತಾಳೆ, ಮಗಳನ್ನೂ ಮಗುವನ್ನೂ ಕರೆದುಕೊಂಡು ಹೋಗಲು ನೆಪ ಹುಡುಕುತ್ತಿದ್ದಾಳೆ ಎಂದು. ನಮ್ಮ ಕಡೆ ಅಳಿಯಸಂತಾನ, ಮಗು ತಾಯಿಯ ಬಳಿಗೆ, ಅಂದರೆ ತಾಯಿಯ ಕುಲಕ್ಕೆ, ಸೇರಿದ್ದು. ಅವಳು ಕೇಳಿದರೆ ನನ್ನ ಮಗ ಎದುರು ಮಾತಾಡುವವನಲ್ಲ. ಅವಳು ಬಚ್ಚಲಿಗೆ ಹೋದಾಗ ನಾನು ಚೀಲದ ಗಂಟು ಬಿಚ್ಚಿ ನೋಡಿದೆ. ಒಂದು ಟುವಾಲು, ಎಲೆ ಅಡಿಕೆ, ಮಗುವಿಗೆಂದು ಹೊಲಿದ ಎರಡು ಅಂಗಿ. ಉಪ್ಪು ಇರಲಿಲ್ಲ. ಹೊರಡುವಾಗ ಅವಳು ಚೀಲ ಎತ್ತಿಕೊಂಡು ಹೇಳಿದಳು, "ಈ ಗಂಟು ನಾನು ಹಾಕಿದ್ದಲ್ಲ."

ಆ ದಿನಗಳಲ್ಲಿ ಮನೆಯಲ್ಲಿ ಯಾವುದೂ ಸರಿಯಿರಲಿಲ್ಲ. ಸಾಬೂನು ಎಷ್ಟು ಉಜ್ಜಿದರೂ ನೊರೆ ಬರುತ್ತಿರಲಿಲ್ಲ; ಅಂಗಡಿಯವನು ಹಳೇ ಮಾಲು ಕೊಡುತ್ತಾನೆಂದು ಅವನೊಡನೆ ಜಗಳ ಮಾಡಿ ಬಂದಿದ್ದೆ. ಮಗು ಸಂಜೆಯಾದರೆ ಅಳುತ್ತಿತ್ತು. ಬಾಯಿ ಒಣಗಿದೆ ಎಂದು ನೀರು ಕುಡಿಸುತ್ತಿದ್ದೆವು. ಕುಡಿದು ಮತ್ತೂ ಅಳುತ್ತಿತ್ತು.

ಮರುವಾರ ಗಿರಿಜಕ್ಕ ಜಗಲಿಯಲ್ಲೇ ನಿಂತು ಮಗಳಿಗೆ ಹೇಳಿದಳು, ಬಟ್ಟೆ ಕಟ್ಟು, ಸಂಜೆಯ ಬಸ್ಸಿಗೆ ಹೋಗುವ ಎಂದು. ಸುಮತಿ ನನ್ನನ್ನು ನೋಡಿದಳು. ಮಗು ನನ್ನ ಸೊಂಟದಲ್ಲಿತ್ತು. ನಾನು ಬಿಡಲಿಲ್ಲ.

"ಹೋಗುವುದಾದರೆ ಹೋಗಿ. ಅದಕ್ಕೆ ಮೊದಲು ನೀವೇ ಒಳಗೆ ಹೋಗಿ ಮಗುವಿಗೆ ರಾಗಿಮಣ್ಣಿ ಕಾಯಿಸಿ. ಪಾತ್ರೆ ನೀವೇ ತೊಳೆಯಿರಿ. ನಾನು ಹೊಸ್ತಿಲು ದಾಟುವುದಿಲ್ಲ."

ಹೋದಳು. ಪಾತ್ರೆಯನ್ನು ಬೂದಿ ಹಾಕಿ ತಿಕ್ಕಿದಳು, ರಾಗಿ ಅರೆದು ಹಾಲು ಹಿಂಡಿದಳು, ಕೊಡಪಾನದ ನೀರು ಬೆರೆಸಿ ಒಲೆಯ ಮೇಲಿಟ್ಟು ಗಟ್ಟಿಯಾಗುವವರೆಗೆ ಮಗುಚಿದಳು. ನಾನು ಹೊಸ್ತಿಲ ಆಚೆ ನಿಂತು ಅವಳ ಕೈಯನ್ನೇ ನೋಡುತ್ತಿದ್ದೆ. ಅವಳ ಕೈ ಉಪ್ಪಿನ ಭರಣಿಯ ಹತ್ತಿರವೂ ಹೋಗಲಿಲ್ಲ.

ಕಿರುಬೆರಳು ಅದ್ದಿದಳು. ಕಣ್ಣು ಮುಚ್ಚಿದವಳು ಬಹಳ ಹೊತ್ತು ತೆರೆಯಲಿಲ್ಲ. ಆಮೇಲೆ ಕೊಡಪಾನದಿಂದ ಒಂದು ಚೊಂಬು ನೀರು ಬಗ್ಗಿಸಿ, ಒಂದು ಗುಟುಕು ಬಾಯಿಗೆ ಹಾಕಿ, ಹಿತ್ತಿಲ ಬಾಗಿಲಿಗೆ ಹೋಗಿ ಉಗಿದಳು.

"ಉಪ್ಪು ಹಾಕುವವಳು ನೀನಲ್ಲ ಮಾರಾಯ್ತಿ. ನಿನ್ನ ಬಾವಿ."

ಬೇಸಿಗೆಯ ಕೊನೆಗೆ ಹೊಳೆ ಬತ್ತಿ, ಸಮುದ್ರದ ನೀರು ಮೇಲೆ ಬಂದು, ನಮ್ಮ ಬಾವಿ ಉಪ್ಪಾಗುವುದು ಹೊಸತಲ್ಲ. ಆಗ ನಾವು ಗುಡ್ಡೆಯ ಬದಿಯ ಬಾವಿಯಿಂದ ನೀರು ತರುತ್ತಿದ್ದೆವು. ಆ ವರ್ಷ ಎರಡು ತಿಂಗಳು ಮೊದಲೇ ಶುರುವಾಗಿತ್ತು, ಸ್ವಲ್ಪ ಸ್ವಲ್ಪವಾಗಿ. ದಿನಾ ಅದನ್ನೇ ಕುಡಿದು, ಮೂರು ಹೊತ್ತು ಒಣಮೀನು ತಿನ್ನುವ ನಮ್ಮ ನಾಲಿಗೆಗೆ ಅದು ಗೊತ್ತಾಗಲಿಲ್ಲ. ಮಣ್ಣಿ ಕುದಿಸಿ ಕುದಿಸಿ ನೀರು ಇಂಗಿದ ಹಾಗೆ ಉಪ್ಪು ಉಳಿಯುತ್ತಿತ್ತು. ಮಗು ಅತ್ತರೆ ಅದೇ ನೀರನ್ನು ಕುಡಿಸುತ್ತಿದ್ದೆವು. ಸಾಬೂನಿನಲ್ಲಿ ಏನೂ ದೋಷ ಇರಲಿಲ್ಲ. ಅಂಗಡಿಯವನ ಹತ್ತಿರ ನಾನು ಹೋಗಿ ಹೇಳಲಿಲ್ಲ, ಅದು ಬೇರೆ ಮಾತು.

ನಾನು ಒಳಗೆ ಬಂದೆ. "ಆದರೆ ಮೊದಲನೇ ಸಲ ಹಾಕಿದ್ದು ನಾನೇ," ಎಂದೆ.

"ಗೊತ್ತುಂಟು. ಬಟ್ಟಲಿನ ಅಡಿಯಲ್ಲಿ ಒಂದು ಹರಳು ಕರಗದೆ ಉಳಿದಿತ್ತು."

ಅಷ್ಟು ದಿನ ಅದನ್ನು ಹೊಟ್ಟೆಯಲ್ಲಿಟ್ಟುಕೊಂಡಿದ್ದ ಹೆಂಗಸು ಅವಳು. ಆ ಸಂಜೆ ಬಸ್ಸಿಗೆ ಒಬ್ಬಳೇ ಹೋದಳು. ಮಾರನೇ ದಿನದಿಂದ ಗುಡ್ಡೆಯ ಬಾವಿಯ ಒಂದು ಕೊಡಪಾನ ನೀರು ಶಶಿಗೆಂದೇ ಬೇರೆ ಬಂತು. ವಾರದಲ್ಲಿ ಸಂಜೆಯ ಅಳು ನಿಂತಿತು. ಗಿರಿಜಕ್ಕ ಬರುವುದು, ಬೆರಳು ಅದ್ದುವುದು ಮಾತ್ರ ನಿಲ್ಲಲಿಲ್ಲ. ಸುಮತಿಗೆ ಆಮೇಲೆ ಇನ್ನೂ ಇಬ್ಬರು ಹುಟ್ಟಿದರು. ಮೂರು ಮಕ್ಕಳಿಗೂ ನಾನು ಉಪ್ಪು ಹಾಕುವ ಮೊದಲು ಸೌಟು ತೆಗೆದಿಟ್ಟೆ. ಅವಳು ಮೂರು ಮಕ್ಕಳ ಬಟ್ಟಲಲ್ಲೂ ನನ್ನನ್ನು ಪರೀಕ್ಷೆ ಮಾಡಿದಳು.

ಎಂಬತ್ತೇಳರ ಹೊತ್ತಿಗೆ ಅವಳದೇ ಕಿಡ್ನಿ ಕೆಟ್ಟು, ತಾನು ಬೇಯಿಸುತ್ತಿದ್ದ ಸಪ್ಪೆ ಊಟವನ್ನು ತಾನೇ ಉಣ್ಣುವ ಹಾಗಾಯಿತು. ಜೂನ್ ತಿಂಗಳಲ್ಲಿ ಆಸ್ಪತ್ರೆಗೆ ನೋಡಲು ಹೋದೆ. ಮುಖ ಊದಿತ್ತು, ದೃಷ್ಟಿ ಮಂದವಾಗಿತ್ತು. ಮನೆಯಿಂದ ಉಪ್ಪಿಲ್ಲದ ಗಂಜಿ ಒಯ್ದಿದ್ದೆ. ಮುಚ್ಚಳ ತೆಗೆದು ಹತ್ತಿರ ಹಿಡಿದರೆ ಚಮಚ ಬೇಡವೆಂದಳು. ತಡವರಿಸಿ ಕಿರುಬೆರಳು ಅದ್ದಿದಳು, ನಾಲಿಗೆಗೆ ಮುಟ್ಟಿಸಿಕೊಂಡಳು. ಸಾಯುವ ಹೊತ್ತಿಗೂ ನನ್ನ ಮೇಲೆ ಸಂಶಯವಾ ಎಂದು ಬಾಯಿಗೆ ಬಂದಿತ್ತು.

"ಕಲ್ಯಾಣಕ್ಕ, ಊರಲ್ಲಿ ಮಳೆ ಜೋರು ಉಂಟಲ್ವಾ? ನಿನ್ನ ಬಾವಿ ಸಿಹಿಯಾಗಿದೆ."

ಅದೇ ಕೊನೆ. ನಮ್ಮ ಬಾವಿ ಈಗಲೂ ಬೇಸಿಗೆಗೆ ಉಪ್ಪಾಗುತ್ತದೆ. ಯಾವ ದಿನದಿಂದ ಎಂದು ಹೇಳುವವರಿಲ್ಲ. ನನ್ನ ನಾಲಿಗೆಯನ್ನು ನಾನು ನಂಬುವುದಿಲ್ಲ. ಮಾರ್ಚಿ ಬಂದ ಮೇಲೆ ಬಟ್ಟೆ ಒಗೆಯುವಾಗ ಸಾಬೂನಿನ ನೊರೆ ನೋಡುತ್ತೇನೆ.